ಅಡಾಲ್ಫ್ ವಾಲೆನ್‌ಬರ್ಗ್: ಮಿದುಳುಕಾಂಡದ ನಕಾಶೆ ಓದಿದ ವೈದ್ಯ

ಹೆಸರು ಉಳಿದು ಮನುಷ್ಯ ಮರೆತುಹೋಗುವುದು ವೈದ್ಯವಿಜ್ಞಾನದಲ್ಲಿ ತೀರಾ ಸಾಮಾನ್ಯ ಸಂಗತಿ. ಪ್ರಪಂಚದ ಯಾವ ಮೂಲೆಯ ವೈದ್ಯಕೀಯ ಕಾಲೇಜಿಗೆ ಹೋದರೂ ಅಲ್ಲಿನ ವಿದ್ಯಾರ್ಥಿಗೆ ವಾಲೆನ್‌ಬರ್ಗ್ ಎಂಬ ಹೆಸರು ಬಾಯಿಪಾಠವಾಗಿರುತ್ತದೆ. ಅದು ಒಂದು ಬಗೆಯ ಪಾರ್ಶ್ವವಾಯುವಿನ ಹೆಸರು. ಪರೀಕ್ಷೆಯಲ್ಲಿ ತಪ್ಪದೆ ಎದುರಾಗುವ ಪ್ರಶ್ನೆ. ಆದರೆ ಆ ಹೆಸರು ಹೊತ್ತ ಮನುಷ್ಯ ಯಾರು, ಯಾವ ಊರಿನವರು, ಎಲ್ಲಿ ಕಣ್ಣು ಮುಚ್ಚಿದರು ಎಂದು ಕೇಳಿದರೆ ಪಾಠ ಹೇಳುವ ನನ್ನಂಥವರೂ ಪುಸ್ತಕ ಹುಡುಕಬೇಕಾಗುತ್ತದೆ. ಇತಿಹಾಸ ಓದಿದವರಿಗೆ ಈ ಹೆಸರು ಕೇಳಿದಾಗ ನೆನಪಾಗುವುದು ಎರಡನೆಯ ಮಹಾಯುದ್ಧದ ಕಾಲದಲ್ಲಿ ಬುಡಾಪೆಸ್ಟ್ ನಗರದ ಸಾವಿರಾರು ಯಹೂದಿಗಳ ಜೀವ ಉಳಿಸಿದ ಸ್ವೀಡನ್ನಿನ ರಾಜತಾಂತ್ರಿಕ ರೌಲ್ ವಾಲೆನ್‌ಬರ್ಗ್. ನಾನು ಬರೆಯಹೊರಟಿರುವುದು ಅವರ ಬಗ್ಗೆ ಅಲ್ಲ. ಅಡಾಲ್ಫ್ ವಾಲೆನ್‌ಬರ್ಗ್ ಒಬ್ಬ ಯಹೂದಿ ವೈದ್ಯರು. ಅದೇ ಬಿರುಗಾಳಿ ಇವರ ಮುಪ್ಪನ್ನೂ ಬುಡಮೇಲು ಮಾಡಿತು.

ಇಷ್ಟು ಹಳೆಯ ಕಥೆಯನ್ನು ಈಗ ಎತ್ತಿಕೊಳ್ಳಲು ಕಾರಣವಿದೆ. ಪಾರ್ಶ್ವವಾಯು ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಬಾಯಿ ಸೊಟ್ಟಗಾಗಿ, ಒಂದು ಕೈ, ಒಂದು ಕಾಲು ಬಿದ್ದುಹೋದ ರೋಗಿಯ ಚಿತ್ರ. ಲಕ್ವ ಹೊಡೆಯಿತು ಎನ್ನುತ್ತೇವೆ. ಹಳ್ಳಿಯ ಅನಕ್ಷರಸ್ಥರೂ ಅದನ್ನು ಗುರುತಿಸುತ್ತಾರೆ. ಆದರೆ ಕೈಕಾಲಿನ ಬಲ ಎಳ್ಳಷ್ಟೂ ಕುಂದದ, ಪ್ರಜ್ಞೆ ತಪ್ಪದ, ಬುದ್ಧಿ ಮಂಕಾಗದ ಪಾರ್ಶ್ವವಾಯುವೂ ಉಂಟು. ರೋಗಿ ತಲೆ ಸುತ್ತುತ್ತದೆ ಎನ್ನುತ್ತಾನೆ. ವಾಂತಿ ಮಾಡುತ್ತಾನೆ. ಬಿಡದೆ ಬಿಕ್ಕಳಿಸುತ್ತಾನೆ. ಪಿತ್ತ ಹೆಚ್ಚಾಗಿದೆ ಎಂದು ಮನೆಯವರು ನಿಂಬೆಹಣ್ಣಿನ ಪಾನಕ ಮಾಡಿಕೊಡುತ್ತಾರೆ. ಔಷಧಿ ಅಂಗಡಿಯವರು ಗ್ಯಾಸ್ಟ್ರಿಕ್ ಮಾತ್ರೆ ಕೊಟ್ಟು ಕಳಿಸುತ್ತಾರೆ. ಒಂದೆರಡು ದಿನ ಕಳೆದ ಮೇಲೆ, ಕುಡಿದ ನೀರು ಮೂಗಿನಲ್ಲಿ ಬಂದಾಗ, ದನಿ ಒಡೆದಾಗ, ಯಾರೋ ಒಬ್ಬರಿಗೆ ಇದು ಹೊಟ್ಟೆಯ ಕಾಯಿಲೆಯಲ್ಲ ಎಂದು ಹೊಳೆಯುತ್ತದೆ. ಈ ರೋಗ ಮಿದುಳಿನ ಯಾವ ಜಾಗದಲ್ಲಿ ಕುಳಿತಿದೆ ಎಂಬುದನ್ನು ಸ್ಕ್ಯಾನಿಂಗ್ ಯಂತ್ರದ ಕನಸೂ ಇಲ್ಲದ ಕಾಲದಲ್ಲಿ ಹೇಳಿದವರು ವಾಲೆನ್‌ಬರ್ಗ್.

ಅವರು ಹುಟ್ಟಿದ್ದು 1862ರ ನವೆಂಬರ್ 10ರಂದು, ಪಶ್ಚಿಮ ಪ್ರಷ್ಯಾದ ಪ್ರಾಯ್ಸಿಶ್ ಸ್ಟಾರ್ಗಾರ್ಡ್ ಎಂಬ ಸಣ್ಣ ಪಟ್ಟಣದಲ್ಲಿ. ಇಂದು ಅದು ಪೋಲೆಂಡಿಗೆ ಸೇರಿದೆ. ಹೈಡೆಲ್‌ಬರ್ಗ್ ಮತ್ತು ಲೈಪ್‌ಜಿಗ್ ವಿಶ್ವವಿದ್ಯಾಲಯಗಳಲ್ಲಿ ವೈದ್ಯಕೀಯ ಓದಿದರು. ನರರೋಗ ಶಾಸ್ತ್ರದ ದಿಗ್ಗಜರಲ್ಲಿ ಒಬ್ಬರಾದ ವಿಲ್ಹೆಲ್ಮ್ ಎರ್ಬ್ ಅವರ ಗುರುಗಳ ಸಾಲಿನಲ್ಲಿದ್ದರು. ಮೊಣಕಾಲಿನ ಚಿಪ್ಪಿನ ಕೆಳಗೆ ಸುತ್ತಿಗೆಯಿಂದ ತಟ್ಟಿದರೆ ಕಾಲು ಚಿಮ್ಮುತ್ತದೆಯಲ್ಲ, ಆ ಪ್ರತಿಕ್ರಿಯೆಯನ್ನು 1875ರಲ್ಲಿ ವೈದ್ಯಲೋಕಕ್ಕೆ ಪರಿಚಯಿಸಿದ ಇಬ್ಬರಲ್ಲಿ ಎರ್ಬ್ ಒಬ್ಬರು. ರೋಗಿಯ ಮೈಯನ್ನೇ ಪುಸ್ತಕದಂತೆ ಓದುವ ಪಾಠ ಶಿಷ್ಯನಿಗೆ ಸಿಕ್ಕಿದ್ದು ಇಂಥವರಿಂದ. 1886ರಲ್ಲಿ, ಮಕ್ಕಳಲ್ಲಿ ಮಿದುಳಿನ ಕಾರಣದಿಂದ ಬರುವ ಪಾರ್ಶ್ವವಾಯುವಿನ ಬಗ್ಗೆ ಪ್ರಬಂಧ ಬರೆದು ಡಾಕ್ಟರೇಟ್ ಪಡೆದರು. ಆಮೇಲೆ ಬಾಲ್ಟಿಕ್ ಸಮುದ್ರದ ದಂಡೆಯ ಬಂದರು ನಗರ ಡ್ಯಾನ್ಜಿಗ್‌ಗೆ ಬಂದು ನೆಲೆಸಿದರು.

ಡ್ಯಾನ್ಜಿಗ್ ಇಂದಿನ ಗ್ಡಾನ್ಸ್ಕ್. ತತ್ವಜ್ಞಾನಿ ಶೋಪೆನ್‌ಹೌವರ್ ಹುಟ್ಟಿದ ಊರು, ಕಾದಂಬರಿಕಾರ ಗುಂಟರ್ ಗ್ರಾಸ್ ಹುಟ್ಟಿದ ಊರು, ಜ್ವರ ಅಳೆಯುವಾಗ ನಾವು ದಿನವೂ ಹೆಸರು ಹೇಳುವ ಫ್ಯಾರನ್‌ಹೀಟ್ 1686ರಲ್ಲಿ ಹುಟ್ಟಿದ ಊರೂ ಅದೇ. ಶಾಖವನ್ನು ಅಳೆಯಲು ಕಲಿಸಿದ ಮನುಷ್ಯನ ಊರಿನಲ್ಲಿಯೇ, ಅರ್ಧ ಮೈಯಲ್ಲಿ ಶಾಖದ ಅರಿವನ್ನೇ ಕಳೆದುಕೊಂಡ ರೋಗಿಯೊಬ್ಬ ವಾಲೆನ್‌ಬರ್ಗ್ ಅವರ ಮುಂದೆ ಬಂದ ಎಂಬುದು ಕಾಕತಾಳೀಯವಷ್ಟೇ. ಆದರೂ ಯೋಚಿಸುವಾಗ ನನಗೆ ಸೋಜಿಗವೆನಿಸುತ್ತದೆ.

ಆ ರೋಗಿಗೆ 38 ವರ್ಷ. ಇದ್ದಕ್ಕಿದ್ದಂತೆ ತಲೆ ಸುತ್ತಿ ಬಂದಿತ್ತು, ಎಚ್ಚರ ತಪ್ಪಿರಲಿಲ್ಲ. ನುಂಗಲು ಆಗದು, ದನಿ ಗೊಗ್ಗರಾಗಿದೆ, ನಿಂತರೆ ಎಡಕ್ಕೆ ವಾಲುತ್ತಾನೆ. ಸೂಜಿಯಿಂದ ಚುಚ್ಚಿ ನೋಡಿದರೆ ಮುಖದ ಎಡಭಾಗದಲ್ಲಿ ನೋವಿನ ಅರಿವು ಕುಂದಿದೆ. ಆದರೆ ಕುತ್ತಿಗೆಯಿಂದ ಕೆಳಗೆ ಅರಿವು ಕುಂದಿರುವುದು ಬಲಭಾಗದಲ್ಲಿ! ಮುಖ ಎಡ, ಮೈ ಬಲ. ಸಾಮಾನ್ಯ ಮನುಷ್ಯನಿಗೆ ಇದು ರೋಗಿಯ ಭ್ರಮೆ ಎನಿಸಬಹುದು. ಇಂದಿಗೂ ಇಂಥ ದೂರು ಹೇಳಿದ ರೋಗಿಗಳನ್ನು ಮಾನಸಿಕ ತೊಂದರೆ ಎಂದು ಕಳಿಸಿಬಿಡುವ ಸಂದರ್ಭಗಳಿವೆ. ವಾಲೆನ್‌ಬರ್ಗ್ ಅವರಿಗೆ ಈ ಅಡ್ಡಾದಿಡ್ಡಿ ವಿಂಗಡಣೆಯೇ ರೋಗದ ವಿಳಾಸವಾಗಿ ಕಂಡಿತು.

ಇದು ಹೇಗೆ ಸಾಧ್ಯ ಎಂದು ತಿಳಿಯಲು ಮಿದುಳುಕಾಂಡದ ರಚನೆಯನ್ನು ಸ್ವಲ್ಪ ನೋಡಬೇಕು. ದೊಡ್ಡ ಮಿದುಳಿನಿಂದ ಬೆನ್ನುಹುರಿಗೆ ಇಳಿಯುವ ದಾರಿಯಲ್ಲಿ, ಹೆಚ್ಚುಕಡಿಮೆ ಹೆಬ್ಬೆರಳಿನ ಗಾತ್ರದ ಒಂದು ಭಾಗವಿದೆ. ಮೇಲೆ ಮಧ್ಯಮಿದುಳು, ನಡುವೆ ಪಾನ್ಸ್, ಕೆಳಗೆ ಮೆಡುಲಾ. ಕಣ್ಣು ಹೊರಳಿಸುವ, ಮುಖದ ಸ್ಪರ್ಶ ತಿಳಿಯುವ, ಕೇಳುವ, ನುಂಗುವ, ನಾಲಿಗೆ ಆಡಿಸುವ ನರಗಳೆಲ್ಲ ಈ ಕಾಂಡದ ಬೇರೆ ಬೇರೆ ಎತ್ತರಗಳಲ್ಲಿ ಹೊರಬೀಳುತ್ತವೆ. ಎಡಗಡೆಯ ನರ ಎಡಮುಖಕ್ಕೆ, ಬಲಗಡೆಯದು ಬಲಕ್ಕೆ. ಇದೇ ಕಾಂಡದೊಳಗೆ ಮಿದುಳಿಗೂ ಮೈಗೂ ನಡುವೆ ಓಡಾಡುವ ಉದ್ದನೆಯ ತಂತುಗಳೂ ಹಾದುಹೋಗುತ್ತವೆ. ಅವು ನೇರ ಹೋಗುವುದಿಲ್ಲ. ಎಲ್ಲೋ ಒಂದು ಕಡೆ ದಾಟಿ ಎದುರು ಬದಿಗೆ ಸೇರುತ್ತವೆ. ಚಲನೆಯ ಆಜ್ಞೆ ಒಯ್ಯುವ ತಂತುಗಳು ಮೆಡುಲಾದ ತಳದಲ್ಲಿ ದಾಟುತ್ತವೆ. ಮೈಯ ನೋವು ಮತ್ತು ಶಾಖದ ಸುದ್ದಿ ತರುವ ತಂತುಗಳು ಬೆನ್ನುಹುರಿಯನ್ನು ಹೊಕ್ಕ ಸ್ವಲ್ಪದರಲ್ಲೇ ದಾಟಿಬಿಡುತ್ತವೆ. ಆದ್ದರಿಂದ ಮೆಡುಲಾದ ಎಡಬದಿಯಲ್ಲಿ ಹರಿದು ಬರುವುದು ಬಲಮೈಯ ನೋವಿನ ಸುದ್ದಿ. ಮುಖದ ನೋವಿನ ತಂತುಗಳಾದರೋ ತಮ್ಮ ಬದಿಯಲ್ಲೇ ಕೆಳಗಿಳಿದು ಆಮೇಲೆ ದಾಟುತ್ತವೆ. ಮೆಡುಲಾದ ಎಡ ಅಂಚಿನಲ್ಲಿ ಒಂದೇ ಒಂದು ಚಿಕ್ಕ ಜಾಗ ಹಾಳಾದರೆ ಎಡಮುಖ ಮತ್ತು ಬಲಮೈ ಎರಡೂ ಒಟ್ಟಿಗೆ ಮರಗಟ್ಟುವುದು ಹೀಗೆ. ಇಂಥ ವಿಂಗಡಣೆ ದೊಡ್ಡ ಮಿದುಳಿನ ಆಘಾತದಲ್ಲಿ ಕಾಣುವಂಥದ್ದಲ್ಲ.

ಮುಖ ಒಂದು ಬದಿ, ಕೈಕಾಲು ಇನ್ನೊಂದು ಬದಿ ಎಂಬ ಸೂತ್ರ ಪೂರ್ತಿಯಾಗಿ ವಾಲೆನ್‌ಬರ್ಗ್ ಅವರದಲ್ಲ. 1856ರಲ್ಲಿ ಪ್ಯಾರಿಸ್ಸಿನ ಗುಬ್ಲರ್, ಒಂದು ಬದಿಯ ಮುಖ ಮತ್ತು ಎದುರು ಬದಿಯ ಕೈಕಾಲು ಸೋತ ರೋಗಿಗಳಲ್ಲಿ ದೋಷವಿರುವುದು ಪಾನ್ಸ್‌ನಲ್ಲಿ ಎಂದು ಬರೆದಿದ್ದರು. 1863ರಲ್ಲಿ ಹರ್ಮನ್ ವೆಬರ್, ಒಂದು ಕಣ್ಣಿನ ರೆಪ್ಪೆ ಜೋತುಬಿದ್ದು ಎದುರು ಬದಿಯ ಕೈಕಾಲು ಸೋತರೆ ದೋಷ ಮಧ್ಯಮಿದುಳಿನದು ಎಂದು ವಿವರಿಸಿದ್ದರು. ವಾಲೆನ್‌ಬರ್ಗ್ ಮಾಡಿದ್ದು ಇನ್ನೂ ನವಿರಾದ ಕೆಲಸ. ಅವರ ರೋಗಿಯ ಕೈಕಾಲುಗಳು ಸೋತಿರಲಿಲ್ಲ. ಅಲ್ಲಿ ಕೆಟ್ಟಿದ್ದಕ್ಕಿಂತ ಕೆಡದೆ ಉಳಿದದ್ದೇ ಹೆಚ್ಚು ಮಾತನಾಡುತ್ತಿತ್ತು.

ನಮ್ಮ ಊರಿನ ಲೈನ್‌ಮನ್ ಕೆಲಸ ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ರಾತ್ರಿ ವಿದ್ಯುತ್ ಕೈಕೊಟ್ಟಾಗ ಅನುಭವಿ ಲೈನ್‌ಮನ್ ಮೊದಲು ಕಂಬ ಹತ್ತುವುದಿಲ್ಲ. ಯಾವ ಮನೆಗಳಲ್ಲಿ ದೀಪ ಹೋಗಿದೆ, ಯಾವ ಮನೆಗಳಲ್ಲಿ ಉರಿಯುತ್ತಿದೆ ಎಂದು ಬೀದಿಯಲ್ಲಿ ನಿಂತು ನೋಡುತ್ತಾನೆ. ಉರಿಯುತ್ತಿರುವ ದೀಪಗಳಿಂದಲೇ ತಂತಿ ಕಡಿದ ಜಾಗ ಅವನಿಗೆ ಗೊತ್ತಾಗುತ್ತದೆ. ವಾಲೆನ್‌ಬರ್ಗ್ ಅವರ ರೋಗಿಯಲ್ಲಿ ಕೈಕಾಲಿನ ಬಲವಿತ್ತು ಎಂದರೆ ಮೆಡುಲಾದ ಮುಂಭಾಗ, ನಡುಗೆರೆಗೆ ಹತ್ತಿರದಲ್ಲಿ ಇಳಿಯುವ ಚಲನೆಯ ತಂತುಗಳಿಗೆ ಏನೂ ಆಗಿಲ್ಲ. ದೋಷ ಬದಿಯಲ್ಲಿ, ಹಿಂಬದಿಗೆ ಇದೆ. ನುಂಗಲು ಆಗದು, ದನಿ ಒಡೆದಿದೆ ಎಂದರೆ ಗಂಟಲು ಮತ್ತು ಧ್ವನಿಪೆಟ್ಟಿಗೆಯ ಸ್ನಾಯುಗಳನ್ನು ಆಳುವ ನರಕೇಂದ್ರ ಕೆಟ್ಟಿದೆ. ಅದಿರುವುದು ಮೆಡುಲಾದಲ್ಲಿ, ಪಾನ್ಸ್‌ನಲ್ಲಿ ಅಲ್ಲ. ಅಲ್ಲಿಗೆ ಎತ್ತರವೂ ತೀರ್ಮಾನವಾಯಿತು. ನಕಾಶೆಯ ಮೇಲೆ ಅಕ್ಷಾಂಶ ರೇಖಾಂಶ ಎರಡೂ ಸೇರುವ ಬಿಂದುವಿನಂತೆ ರೋಗದ ಜಾಗ ಗೊತ್ತುಪಡಿಯಿತು.

ಆ ಜಾಗಕ್ಕೆ ರಕ್ತ ಒಯ್ಯುವ ಧಮನಿ ಯಾವುದು? ಮೆಡುಲಾದ ರಕ್ತನಾಳಗಳನ್ನು ಫ್ರಾನ್ಸಿನ ಆನ್ರಿ ಡ್ಯುರೆ 1873ರಲ್ಲೇ ವಿವರವಾಗಿ ಬಣ್ಣಿಸಿದ್ದರು. ಅಂಥ ಜ್ಞಾನದ ಬೆಂಬಲದಿಂದ ವಾಲೆನ್‌ಬರ್ಗ್ ಬೊಟ್ಟು ಮಾಡಿದ್ದು ಅನುಮಸ್ತಿಷ್ಕ ಎಂದು ಕರೆಯುವ ಹಿಂಬದಿಯ ಸಣ್ಣ ಮಿದುಳಿಗೆ ರಕ್ತ ಕೊಡುವ ಧಮನಿಗಳಲ್ಲಿ ಒಂದರ ಕಡೆಗೆ. ಹಿಂದಿನ ಕೆಳ ಅನುಮಸ್ತಿಷ್ಕ ಧಮನಿ ಎಂದು ಅದನ್ನು ಕನ್ನಡದಲ್ಲಿ ಹೇಳಬಹುದು. ಎಡಗಡೆಯ ಆ ಧಮನಿಯಲ್ಲಿ ಎಲ್ಲಿಂದಲೋ ತೇಲಿ ಬಂದ ರಕ್ತದ ಗರಣೆ ಸಿಕ್ಕಿಕೊಂಡಿರಬೇಕು ಎಂಬುದು ಅವರ ಊಹೆ. 1895ರಲ್ಲಿ ಜರ್ಮನ್ ಪತ್ರಿಕೆಯೊಂದರಲ್ಲಿ ಈ ಪ್ರಕರಣವನ್ನು ಮೂವತ್ತಕ್ಕೂ ಹೆಚ್ಚು ಪುಟಗಳಲ್ಲಿ ಪ್ರಕಟಿಸಿದರು. ಲೇಖನದ ಶೀರ್ಷಿಕೆಯಲ್ಲೇ ಧಮನಿಯ ಹೆಸರನ್ನು ಕಂಸದೊಳಗೆ ಇಟ್ಟು ಅದರ ಮುಂದೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದರು. ನನಗೆ ಈ ಮನುಷ್ಯನ ಬಗ್ಗೆ ಗೌರವ ಹುಟ್ಟಿದ್ದು ಆ ಚಿಹ್ನೆಯಿಂದ. ರೋಗಿ ಬದುಕಿದ್ದಾನೆ, ಒಳಗೆ ಇಣುಕಿ ನೋಡುವ ದಾರಿಯಿಲ್ಲ. ಊಹೆಯನ್ನು ಊಹೆಯೆಂದೇ ಅಚ್ಚು ಹಾಕಿಸಿದರು. ಅದೇ 1895ರ ನವೆಂಬರ್‌ನಲ್ಲಿ ರಾಂಟ್‌ಜೆನ್ ಎಕ್ಸ್ ಕಿರಣಗಳನ್ನು ಕಂಡುಹಿಡಿದರು. ಆದರೆ ಆ ಕಿರಣಗಳಿಗೂ ಮೂಳೆ ಕಾಣುತ್ತಿತ್ತೇ ಹೊರತು ಮೂಳೆಯೊಳಗಿನ ಮಿದುಳಿನ ಮೆತ್ತನೆಯ ಅಂಗಾಂಶ ಕಾಣುತ್ತಿರಲಿಲ್ಲ.

ಕೆಲವು ವರ್ಷಗಳ ನಂತರ ಆ ರೋಗಿ ತೀರಿಕೊಂಡ. ಶವಪರೀಕ್ಷೆಯಲ್ಲಿ ಮಿದುಳುಕಾಂಡವನ್ನು ತೆಳುವಾದ ಪದರಗಳಾಗಿ ಕತ್ತರಿಸಿ ಸೂಕ್ಷ್ಮದರ್ಶಕದ ಕೆಳಗೆ ನೋಡಲಾಯಿತು. ಎಲ್ಲಿ ಇರಬೇಕೆಂದು ವಾಲೆನ್‌ಬರ್ಗ್ ಬರೆದಿದ್ದರೋ ಅಲ್ಲೇ, ಮೆಡುಲಾದ ಎಡ ಪಾರ್ಶ್ವದಲ್ಲಿ, ಅಂಗಾಂಶ ಸತ್ತು ಹೋಗಿತ್ತು. 1901ರಲ್ಲಿ ಅದೇ ಪತ್ರಿಕೆಯಲ್ಲಿ ಈ ವಿವರಗಳನ್ನು ಪ್ರಕಟಿಸಿದರು. ಜೀವಂತ ರೋಗಿಯ ಮೈಮೇಲಿನ ಚಿಹ್ನೆಗಳನ್ನು ಓದಿ ಕೆಲವೇ ಮಿಲಿಮೀಟರುಗಳ ಒಂದು ಜಾಗಕ್ಕೆ ಬೆರಳಿಟ್ಟು, ಅದು ನಿಜವೆಂದು ಸೂಕ್ಷ್ಮದರ್ಶಕದಲ್ಲಿ ತೋರಿಸಿದ ಇಂಥ ಉದಾಹರಣೆಗಳು ಆ ಕಾಲದಲ್ಲಿ ವಿರಳ. ಅವರು ಅಲ್ಲಿಗೇ ನಿಲ್ಲಲಿಲ್ಲ. ಇಂಥ ರೋಗಿಗಳನ್ನು ಗಮನಿಸುತ್ತಲೇ ಹೋದರು. 1922ರಲ್ಲಿ ಅವರು ಬರೆದದ್ದು ತಾವು ಕಂಡ ಹದಿನೈದನೆಯ ರೋಗಿಯ ಬಗ್ಗೆ. ಮೊದಲ ಲೇಖನಕ್ಕೂ ಇದಕ್ಕೂ ನಡುವೆ ಇಪ್ಪತ್ತೇಳು ವರ್ಷ.

ನ್ಯಾಯವಾಗಿ ಹೇಳಬೇಕಾದ ಇನ್ನೊಂದು ಮಾತಿದೆ. ಈ ರೋಗವನ್ನು ಮೊದಲು ವರ್ಣಿಸಿದವರು ವಾಲೆನ್‌ಬರ್ಗ್ ಅಲ್ಲ. ಜಿನೀವಾದ ಗ್ಯಾಸ್ಪಾರ್ ವ್ಯೂಸ್ಯೂ ಎಂಬ ವೈದ್ಯರು, 1805ರಲ್ಲಿ ಅಲ್ಲಿ ಹಬ್ಬಿದ ಮಿದುಳುಪೊರೆಯ ಜ್ವರವನ್ನು ಮೊದಲು ವಿವರಿಸಿ ಹೆಸರಾದವರು, 1808ರಲ್ಲಿ ಸ್ವತಃ ಈ ಕಾಯಿಲೆಗೆ ಗುರಿಯಾದರು. ತಮ್ಮ ಮೈಯಲ್ಲಿ ಆದುದನ್ನೆಲ್ಲ ವೈದ್ಯನ ಕಣ್ಣಿನಿಂದ ಗಮನಿಸಿದರು. ಆ ವೃತ್ತಾಂತ 1811ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಒಂದೇ ಮೈಯ ಎರಡು ಭಾಗಗಳು ಬಿಸಿ ತಣ್ಣಗೆಗಳನ್ನು ಬೇರೆ ಬೇರೆಯಾಗಿ ಅರಿಯುವ ವಿಚಿತ್ರವನ್ನು ಅಲ್ಲಿ ಓದಬಹುದು. ಆದರೆ ಆಗ ಅದು ಬರಿಯ ವಿಚಿತ್ರವಾಗಿಯೇ ಉಳಿಯಿತು. ಜಾಗ ಯಾವುದು, ಧಮನಿ ಯಾವುದು ಎಂದು ಹೇಳುವಷ್ಟು ಅಂಗರಚನಾಶಾಸ್ತ್ರ ಬೆಳೆದಿರಲಿಲ್ಲ. ರೋಗಕ್ಕೆ ವ್ಯೂಸ್ಯೂ ಹೆಸರಿಡದೆ ವಾಲೆನ್‌ಬರ್ಗ್ ಹೆಸರಿಟ್ಟದ್ದು ಅನ್ಯಾಯವೇನಲ್ಲ ಎಂಬುದು ನನ್ನ ಅಭಿಪ್ರಾಯ.

ಇಷ್ಟೆಲ್ಲ ಮಾಡುವಾಗ ವಾಲೆನ್‌ಬರ್ಗ್ ಯಾವ ದೊಡ್ಡ ವಿಶ್ವವಿದ್ಯಾಲಯದ ಪೀಠದಲ್ಲೂ ಕುಳಿತಿರಲಿಲ್ಲ ಎಂಬುದನ್ನು ನೆನಪಿಡಬೇಕು. ಅವರು ಊರಿನ ವೈದ್ಯರು, ಆಸ್ಪತ್ರೆಯ ವೈದ್ಯರು. 1907ರಿಂದ 1928ರವರೆಗೆ ಡ್ಯಾನ್ಜಿಗ್ ನಗರ ಆಸ್ಪತ್ರೆಯಲ್ಲಿ ವಿಭಾಗವೊಂದರ ಮುಖ್ಯಸ್ಥರಾಗಿದ್ದರು. ಪ್ರೊಫೆಸರ್ ಎಂಬ ಬಿರುದು 1910ರಲ್ಲಿ ಬಂತು, ಅದೂ ಗೌರವದ ರೂಪದಲ್ಲಿ. ರೋಗಿಗಳನ್ನು ನೋಡಿ ಉಳಿದ ಹೊತ್ತಿನಲ್ಲಿ ಮೊಲ, ಪಾರಿವಾಳ, ಮೀನುಗಳ ಮಿದುಳುಗಳನ್ನು ಕತ್ತರಿಸಿ ತಂತುಗಳ ದಾರಿ ಹುಡುಕುತ್ತಿದ್ದರು. ಮುಖದ ಸಂವೇದನೆ ಮಿದುಳುಕಾಂಡದಿಂದ ಮೇಲಕ್ಕೆ ಏರುವ ದಾರಿಯ ಬಗ್ಗೆ 1896ರಲ್ಲೇ ಬರೆದರು. ರೋಗಿಯ ಹಾಸಿಗೆಯ ಬಳಿ ಎದ್ದ ಪ್ರಶ್ನೆಗೆ ಪ್ರಯೋಗಶಾಲೆಯಲ್ಲಿ ಉತ್ತರ ಹುಡುಕುವುದು ಅವರ ಕ್ರಮವಾಗಿತ್ತು.

ಈ ಕೆಲಸದಲ್ಲಿ ಅವರಿಗೆ ಜೊತೆಯಾದವರು ಫ್ರಾಂಕ್‌ಫರ್ಟ್‌ನ ಲುಡ್ವಿಗ್ ಎಡಿಂಗರ್. ಪ್ರಾಣಿಗಳ ಮಿದುಳುಗಳನ್ನು ಹೋಲಿಸಿ ನೋಡುವ ಶಾಸ್ತ್ರಕ್ಕೆ ಅಡಿಪಾಯ ಹಾಕಿದವರಲ್ಲಿ ಪ್ರಮುಖರು. ಇಬ್ಬರೂ ಸೇರಿ ನರಮಂಡಲದ ರಚನೆಯ ಬಗ್ಗೆ ಪ್ರಪಂಚದಲ್ಲಿ ನಡೆದ ಸಂಶೋಧನೆಗಳ ವರದಿಗಳನ್ನು ಸಿದ್ಧಪಡಿಸಿದರು. 1903ರಲ್ಲಿ ಹಕ್ಕಿಗಳ ಮುಮ್ಮಿದುಳಿನ ಬಗ್ಗೆ ಬಂದ ಅವರ ಅಧ್ಯಯನದಲ್ಲಿ ಮೂರನೆಯವರಾಗಿ ಸೇರಿಕೊಂಡ ಯುವಕ ಗಾರ್ಡನ್ ಹೋಮ್ಸ್. ಮುಂದೆ ಇಂಗ್ಲೆಂಡಿನ ಬಹು ದೊಡ್ಡ ನರರೋಗ ತಜ್ಞರೆನಿಸಿಕೊಂಡವರು. ಎಡಿಂಗರ್ 1918ರಲ್ಲಿ ತೀರಿಕೊಂಡರು. ವಾಲೆನ್‌ಬರ್ಗ್ 1928ರಲ್ಲಿ ಆಸ್ಪತ್ರೆಯ ಕೆಲಸದಿಂದ ನಿವೃತ್ತರಾದರು. ಮರುವರ್ಷ ಅವರಿಗೆ ತಮ್ಮ ಗುರುವಿನ ಹೆಸರಿನ ಎರ್ಬ್ ಪದಕ ಸಂದಿತು. ಕಥೆ ಇಲ್ಲಿಗೆ ಮುಗಿದಿದ್ದರೆ ಅದೊಂದು ತುಂಬು ಬಾಳಿನ, ತೃಪ್ತ ಮುಪ್ಪಿನ ಕಥೆಯಾಗುತ್ತಿತ್ತು.

ಅದಕ್ಕೆ ಮುಂದೆ ಹೋಗುವ ಮುನ್ನ ವಾಲೆನ್‌ಬರ್ಗ್ ಅವರ ಕಸುಬು ಇಂದು ಯಾವ ಗತಿಯಲ್ಲಿದೆ ಎಂದು ಹೇಳಬೇಕು. ಈಗ ಎಲ್ಲದಕ್ಕೂ ಯಂತ್ರವಿದೆ, ಸೂಜಿ ಚುಚ್ಚಿ ನೋಡುವ ಕಾಲ ಹೋಯಿತು ಎಂದು ನಂಬಿರುವ ಯುವ ವೈದ್ಯರನ್ನು ನಾನು ಕಂಡಿದ್ದೇನೆ. ತಲೆ ಸುತ್ತು ಎಂದು ಬಂದವರಿಗೆ ತಕ್ಷಣ ಸಿ.ಟಿ. ಸ್ಕ್ಯಾನ್ ಬರೆದುಕೊಡುತ್ತಾರೆ. ವರದಿಯಲ್ಲಿ ಎಲ್ಲವೂ ಸರಿಯಿದೆ ಎಂದು ಬರುತ್ತದೆ. ರೋಗಿ ಮನೆಗೆ ಹೋಗುತ್ತಾನೆ. ತಲೆಬುರುಡೆಯ ತಳದ ದಪ್ಪ ಮೂಳೆಗಳ ನಡುವೆ ಕುಳಿತ ಮಿದುಳುಕಾಂಡದಲ್ಲಿ ರಕ್ತ ನಿಂತು ಆದ ಹೊಸ ಆಘಾತವನ್ನು ತೋರಿಸುವುದರಲ್ಲಿ ಸಿ.ಟಿ. ಬಹಳ ದುರ್ಬಲ ಎಂಬುದು ವರದಿಯಲ್ಲಿ ಬರೆದಿರುವುದಿಲ್ಲ. ಎಂ.ಆರ್.ಐ. ಅದಕ್ಕಿಂತ ಎಷ್ಟೋ ಮೇಲು. ಆದರೆ ಮೊದಲ ಒಂದೆರಡು ದಿನಗಳಲ್ಲಿ ಅದೂ ಕೆಲವೊಮ್ಮೆ ಕೈಕೊಡುತ್ತದೆ. 2009ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನ ಈ ವಿಷಯದಲ್ಲಿ ಕಣ್ಣು ತೆರೆಸಿತು. ಎಡೆಬಿಡದೆ ತಲೆ ಸುತ್ತುತ್ತಿರುವ ರೋಗಿಯ ತಲೆಯನ್ನು ಸರಕ್ಕನೆ ಒಂದು ಬದಿಗೆ ತಿರುಗಿಸಿದಾಗ ನೋಟ ನೆಟ್ಟಗೆ ನಿಲ್ಲುತ್ತದೆಯೇ, ಕಣ್ಣುಗುಡ್ಡೆಯ ತುಯ್ತ ನೋಟದ ದಿಕ್ಕಿಗೆ ತಕ್ಕಂತೆ ಬದಲಾಗುತ್ತದೆಯೇ, ಒಂದೊಂದೇ ಕಣ್ಣನ್ನು ಮುಚ್ಚಿ ತೆರೆದಾಗ ಅವು ಮೇಲೆ ಕೆಳಗೆ ಜಾರುತ್ತವೆಯೇ ಎಂಬ ಮೂರೇ ಪರೀಕ್ಷೆಗಳನ್ನು ಬಲ್ಲವರು ಮಾಡಿದರೆ, ಆರಂಭದ ಗಂಟೆಗಳಲ್ಲಿ ಎಂ.ಆರ್.ಐ.ಗಿಂತಲೂ ಚೆನ್ನಾಗಿ ಪಾರ್ಶ್ವವಾಯುವನ್ನು ಹಿಡಿಯಬಹುದು ಎಂದು ಅದು ತೋರಿಸಿತು. ಇದಕ್ಕೆ ಬೇಕಾದದ್ದು ವೈದ್ಯನ ಎರಡು ಕೈ ಮತ್ತು ಕೆಲವು ನಿಮಿಷ.

ಕಲಿಯುವವರಿಗೆ ದಾರಿಯೂ ಸುಲಭವಾಗಿದೆ. ಆಸ್ಟ್ರೇಲಿಯಾದ ಪೀಟರ್ ಗೇಟ್ಸ್ 2005ರಲ್ಲಿ ನಾಲ್ಕರ ನಿಯಮ ಎಂಬುದನ್ನು ರೂಪಿಸಿದರು. ಕಾಂಡದ ನಡುಗೆರೆಯ ಬಳಿ ನಾಲ್ಕು ರಚನೆ, ಬದಿಯಲ್ಲಿ ನಾಲ್ಕು. ಕೊನೆಯ ನಾಲ್ಕು ಕಪಾಲ ನರಗಳು ಮೆಡುಲಾಕ್ಕೆ, ನಡುವಿನ ನಾಲ್ಕು ಪಾನ್ಸ್‌ಗೆ, ಮೊದಲ ನಾಲ್ಕು ಅದಕ್ಕಿಂತ ಮೇಲಕ್ಕೆ. ಯಾವ ತಂತು ಕೆಟ್ಟಿದೆ ಎಂಬುದು ನಡುವೋ ಬದಿಯೋ ಎಂದು ಹೇಳುತ್ತದೆ. ಯಾವ ನರ ಕೆಟ್ಟಿದೆ ಎಂಬುದು ಎತ್ತರ ಹೇಳುತ್ತದೆ. ಡ್ಯಾನ್ಜಿಗ್‌ನಲ್ಲಿ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಒಬ್ಬ ವೈದ್ಯರು ಏಕಾಂಗಿಯಾಗಿ ಹಾಕಿದ ಲೆಕ್ಕವನ್ನು ಇಂದು ಸಾಧಾರಣ ವಿದ್ಯಾರ್ಥಿಯೂ ಬೆರಳೆಣಿಕೆಯಲ್ಲಿ ಹಾಕಬಹುದು. ಹಾಕುವ ಅಭ್ಯಾಸ ಮಾತ್ರ ಬೇಕು.

ಜಾಗ ಗೊತ್ತಾಗಿ ಆಗಬೇಕಾದದ್ದೇನು ಎಂದು ವಾಲೆನ್‌ಬರ್ಗ್ ಕಾಲದಲ್ಲಿ ಕೇಳಿದ್ದರೆ ಉತ್ತರವಿರಲಿಲ್ಲ. ಆಗ ರೋಗಿಗೆ ಕೊಡಲು ಔಷಧವೇ ಇರಲಿಲ್ಲ. ಈಗ ಇದೆ. ಆಘಾತವಾದ ನಾಲ್ಕೂವರೆ ಗಂಟೆಯೊಳಗೆ ತಕ್ಕ ರೋಗಿಗೆ ಗರಣೆ ಕರಗಿಸುವ ಚುಚ್ಚುಮದ್ದು ಕೊಡಬಹುದು. ಮಿದುಳುಕಾಂಡದ ಮುಖ್ಯ ಧಮನಿಯೇ ಕಟ್ಟಿಕೊಂಡಾಗ ಗರಣೆಯನ್ನು ತಂತಿಯಿಂದ ಹೊರಗೆಳೆಯುವ ಚಿಕಿತ್ಸೆ ಫಲ ಕೊಡುತ್ತದೆಂದು 2022ರಲ್ಲಿ ಪ್ರಕಟವಾದ ಚೀನಾದ ಎರಡು ಅಧ್ಯಯನಗಳು ತೋರಿಸಿವೆ. ಹೊತ್ತು ಮೀರಿದ ಮೇಲೂ ಮಾಡುವುದಕ್ಕೆ ಒಂದಿದೆ. ನುಂಗುವ ಶಕ್ತಿ ಇದೆಯೇ ಎಂದು ಪರೀಕ್ಷಿಸದೆ ಬಾಯಿಗೆ ಏನನ್ನೂ ಹಾಕಬಾರದು. ರೋಗಿ ಸುಸ್ತಾಗಿ ಮಲಗಿದಾಗ ನಮ್ಮ ಮನೆಗಳಲ್ಲಿ ಮೊದಲು ಮಾಡುವ ಉಪಚಾರವೆಂದರೆ ಒಂದು ಲೋಟ ನೀರು ಅಥವಾ ಬಿಸಿ ಕಾಫಿ. ಗಂಟಲು ಕೆಟ್ಟಿರುವ ಈ ರೋಗಿಗೆ ಆ ಪ್ರೀತಿಯ ಲೋಟವೇ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಚೇತರಿಸಿಕೊಂಡ ಮೇಲೂ ಅರ್ಧ ಮೈಗೆ ಶಾಖ ತಿಳಿಯದೆ ಉಳಿಯಬಹುದು. ಹಂಡೆಯ ಬಿಸಿನೀರನ್ನು ಯಾವ ಕೈಯಿಂದ ಮುಟ್ಟಿ ನೋಡಬೇಕೆಂದು ಅಂಥವರಿಗೆ ಹೇಳಿಕೊಡಬೇಕಾಗುತ್ತದೆ. ಆಸ್ಪತ್ರೆಯ ಬಿಡುಗಡೆ ಚೀಟಿಯಲ್ಲಿ ನಾನು ಇದನ್ನು ಕೈಬರಹದಲ್ಲಿ ಸೇರಿಸುತ್ತೇನೆ. ಅಚ್ಚಾದ ನಮೂನೆಯಲ್ಲಿ ಅದಕ್ಕೆ ಜಾಗವಿರುವುದಿಲ್ಲ.

ಮತ್ತೆ ಡ್ಯಾನ್ಜಿಗ್‌ಗೆ ಬರೋಣ. ಮೊದಲ ಮಹಾಯುದ್ಧದ ನಂತರ, 1920ರಿಂದ, ಅದು ಜರ್ಮನಿಗೂ ಸೇರದ, ಪೋಲೆಂಡಿಗೂ ಸೇರದ ಸ್ವತಂತ್ರ ನಗರವಾಗಿತ್ತು. ಸ್ವತಂತ್ರವೆಂಬುದು ಹೆಸರಿಗೆ. 1933ರಲ್ಲಿ ಅಲ್ಲಿನ ಶಾಸನಸಭೆಯೂ ನಾಜಿಗಳ ಕೈಗೆ ಹೋಯಿತು. ಆಗ ವಾಲೆನ್‌ಬರ್ಗ್ ಅವರಿಗೆ ಎಪ್ಪತ್ತು ವರ್ಷ. ನಿವೃತ್ತರಾದರೂ ಸಂಶೋಧನೆ ಬಿಟ್ಟಿರಲಿಲ್ಲ. ಮುಂದಿನ ವರ್ಷಗಳಲ್ಲಿ ಯಹೂದಿಗಳ ಬದುಕು ಒಂದೊಂದೇ ಬಾಗಿಲು ಮುಚ್ಚುತ್ತ ಹೋಯಿತು. ಅರ್ಧ ಶತಮಾನ ಆ ಊರಿನವರ ನಾಡಿ ಹಿಡಿದ ವೈದ್ಯರಿಗೆ ಪ್ರಯೋಗಶಾಲೆಯ ಬಾಗಿಲೂ ಮುಚ್ಚಿತು. 1939ರ ಮೇ ತಿಂಗಳಲ್ಲಿ ನಗರದ ದೊಡ್ಡ ಯಹೂದಿ ಪ್ರಾರ್ಥನಾ ಮಂದಿರವನ್ನು ಕೆಡವಲು ಶುರುಮಾಡಿದರು. ಆ ಸೆಪ್ಟೆಂಬರ್ 1ರಂದು ಎರಡನೆಯ ಮಹಾಯುದ್ಧದ ಮೊದಲ ಗುಂಡುಗಳು ಸಿಡಿದದ್ದು ಅದೇ ಬಂದರಿನಲ್ಲಿ. ಅಷ್ಟು ಹೊತ್ತಿಗೆ ವಾಲೆನ್‌ಬರ್ಗ್ ಊರು ಬಿಟ್ಟು ಇಂಗ್ಲೆಂಡಿಗೆ ಬಂದಿದ್ದರು.

ಎಪ್ಪತ್ತಾರರ ವಯಸ್ಸಿನಲ್ಲಿ ಪರದೇಶ. ಆಕ್ಸ್‌ಫರ್ಡ್ ಆಸರೆ ಕೊಟ್ಟಿತು. ಅಲ್ಲಿಯೂ ಮಿದುಳಿನ ರಚನೆಯ ಅಧ್ಯಯನ ಮುಂದುವರಿಸಿದರು. ಯುದ್ಧ ನಡೆಯುತ್ತಿದ್ದಂತೆಯೇ 1943ರಲ್ಲಿ ಅಟ್ಲಾಂಟಿಕ್ ದಾಟಿ ಅಮೆರಿಕಕ್ಕೆ ಹೋದರು. ಶಿಕಾಗೋ ನಗರದ ದಕ್ಷಿಣಕ್ಕೆ ಮಾಂಟೆನೋ ಎಂಬ ಊರಿನಲ್ಲಿ ಇಲಿನಾಯ್ ರಾಜ್ಯದ ದೊಡ್ಡ ಮಾನಸಿಕ ಆಸ್ಪತ್ರೆಯೊಂದಿತ್ತು. ಅವರ ಕೊನೆಯ ವರ್ಷಗಳು ಕಳೆದದ್ದು ಅಲ್ಲಿ, ವೈದ್ಯಕೀಯ ಕೆಲಸದ ನಡುವೆಯೇ. 1949ರಲ್ಲಿ ಹೃದ್ರೋಗದಿಂದ ನಿಧನರಾದರು. ಎಂಬತ್ತಾರು ವರ್ಷವಾಗಿತ್ತು. ಅಷ್ಟರಲ್ಲಿ ಅವರ ಡ್ಯಾನ್ಜಿಗ್ ಯುದ್ಧದಲ್ಲಿ ನೆಲಸಮವಾಗಿ, ಹೆಸರೂ ಬದಲಾಗಿ, ಪೋಲೆಂಡಿನ ನಗರವಾಗಿಬಿಟ್ಟಿತ್ತು.

ಅವರು ತೀರಿಕೊಂಡ ಹನ್ನೆರಡು ವರ್ಷಗಳ ಮೇಲೆ, 1961ರಲ್ಲಿ, ಬಾಸ್ಟನ್ನಿನ ಮಿಲ್ಲರ್ ಫಿಶರ್ ಮತ್ತು ಸಂಗಡಿಗರು ಈ ರೋಗದಿಂದ ಸತ್ತವರ ಧಮನಿಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರು. ವಾಲೆನ್‌ಬರ್ಗ್ ಹೆಸರಿಸಿದ ಅನುಮಸ್ತಿಷ್ಕದ ಧಮನಿಯೊಂದೇ ಕಟ್ಟಿಕೊಂಡಿರುವುದು ಕೆಲವರಲ್ಲಿ ಮಾತ್ರ. ಹೆಚ್ಚಿನವರಲ್ಲಿ ಮುಚ್ಚಿಹೋಗಿದ್ದದ್ದು ಅದಕ್ಕೂ ತಾಯಿಯಾದ, ಕತ್ತಿನ ಮೂಳೆಗಳ ತೂತುಗಳಲ್ಲಿ ಹಾದು ಮೇಲೇರುವ ಕಶೇರು ಧಮನಿ. ಜಾಗದ ವಿಷಯದಲ್ಲಿ ಡ್ಯಾನ್ಜಿಗ್‌ನ ವೈದ್ಯರು ಹೇಳಿದ್ದರಲ್ಲಿ ಏನೂ ಬದಲಾಗಲಿಲ್ಲ. ಧಮನಿಯ ಮುಂದೆ ಅವರು 1895ರಲ್ಲಿ ಹಾಕಿದ ಪ್ರಶ್ನಾರ್ಥಕ ಚಿಹ್ನೆಗೆ ಉತ್ತರ ಬರಲು ಅರವತ್ತಾರು ವರ್ಷ ಬೇಕಾಯಿತು.